ಭಾವನವರ ನೀರು ಸೇವಂತಿಗೆ

ನಮ್ಮ ಭಾವ ಮದುವೆಯಾಗಲಿಲ್ಲವೆಂದು ಊರವರು ಮರುಗುತ್ತಾರೆ. ಅವರಿಗೇನು ಗೊತ್ತು! ಭಾವ ಒಂದು ಗಿಡವನ್ನು ಮನೆತುಂಬಿಸಿಕೊಂಡಿದ್ದಾರೆ. ಅದರ ಜೊತೆ ಏಗುತ್ತಿರುವವಳು ಮಾತ್ರ ನಾನು!

ಭಾವ ನನ್ನ ಗಂಡನ ಅಣ್ಣ. ಜಾವಳಿಯಲ್ಲಿ ನಮ್ಮ ಜೊತೆಯೇ ಇರುವ ನಿವೃತ್ತ ವಿಜ್ಞಾನದ ಮೇಷ್ಟ್ರು. ಕನ್ನಡಕ ತರಲು ಚಿಕ್ಕಮಗಳೂರಿಗೆ ಹೋದವರು, ಮೀನಿನ ತೊಟ್ಟಿ ಮಾರುವ ಅಂಗಡಿಯಿಂದ ಒಂದು ಹಸಿರು ಕಡ್ಡಿ ಹಿಡಿದು ಬಂದರು. ಕನ್ನಡಕ ಮರೆತಿದ್ದರು.

"ಸೇವಂತಿಗೆ ಕುಟುಂಬದ್ದು ಮಾರಾಯ್ತಿ! ಆದ್ರೆ ನೀರೊಳಗೇ ಬೆಳೆಯತ್ತೆ. ಮೆಕ್ಸಿಕೊ ಕಡೇದು."

"ಮುಡ್ಕೊಳ್ಳೋಕಾಗತ್ತಾ?"

"ತಲೆ ಮೇಲೆ ಬಕೆಟ್ ಇಟ್ಕೊಂಡ್ರೆ ಆಗತ್ತೆ."

ಬೆಳೆಯಿತು ನೋಡಿ ಆ ಕಡ್ಡಿ! ಬಾಟಲಿಯಿಂದ ಬಕೆಟ್ಟಿಗೆ, ಬಕೆಟ್ಟಿನಿಂದ ಟಬ್ಬಿಗೆ, ಕಡೆಗೆ ನನ್ನ ದೋಸೆ ಹಿಟ್ಟಿನ ಪಾತ್ರೆಗೂ ಬಂತು. ಬಾಳೂರಿನ ಮದುವೆಯೊಂದಕ್ಕೆ ಅದನ್ನೇ ಉಡುಗೊರೆಯಾಗಿ ಒಯ್ದರು. ಅಡುಗೆಯವರು ಸೊಪ್ಪೆಂದುಕೊಂಡು ಹುಳಿಗೆ ಹೆಚ್ಚಲು ಕೂತಿದ್ದರು. ಭಾವ ಮುಹೂರ್ತ ಬಿಟ್ಟು ಅಡುಗೆಮನೆಗೆ ನುಗ್ಗಿ ಅದನ್ನು ಬಿಡಿಸಿಕೊಂಡು ಬಂದರು!

ಹೆಚ್ಚಾದದ್ದನ್ನು ಎಸೆಯಬಾರದೇ? ಕೂಡದು! ಕತ್ತರಿಸಿದ ತುಣುಕುಗಳೆಲ್ಲ ನಮ್ಮ ತೋಟದ ಕಾಫಿ ಹರವುವ ಕಣದಲ್ಲಿ ಒಣಗಿ ಗರಿಗರಿಯಾಗಬೇಕು.

"ಪಾರ್ಚ್‌ಮೆಂಟ್ ಕಾಫಿ ಎಲ್ಲಿ ಹರವ್ಲಿ ಮೇಷ್ಟ್ರೇ?" ಎಂದು ತೋಟದ ಮೇಸ್ತ್ರಿ ಗೋಳಿಟ್ಟರೆ, "ಒಂದು ಚೂರು ಹಳ್ಳಕ್ಕೆ ಬಿದ್ರೂ ಹಳ್ಳವೇ ಮುಚ್ಚೋಗತ್ತೆ. ಮೀನೆಲ್ಲ ಎಲ್ಲಿಗೆ ಹೋಗ್ಬೇಕು?" ಎಂದು ಅವನಿಗೇ ಪಾಠ.

ಮೊನ್ನೆ ಹೊರನಾಡಿಗೆ ಹೊರಟ ನೆಂಟರು ಸ್ನಾನಕ್ಕೆಂದು ನಮ್ಮ ಮನೆಗೆ ಬಂದರು. ಒಂದಾದರೂ ಖಾಲಿ ಬಕೆಟ್ ಬೇಡವೇ? ನನಗೆ ರೇಗಿತು. ಒಂದನ್ನು ಎತ್ತಿ ಹಿತ್ತಿಲ ಹಳ್ಳಕ್ಕೆ ಸುರಿದೇಬಿಟ್ಟೆ. ತಿರುಗಿದರೆ ಭಾವ!

ಅವರು ಬೈಯಲಿಲ್ಲ. ನನ್ನ ಹಳೆ ಸೀರೆ ತಂದು ಹಳ್ಳಕ್ಕೆ ಅಡ್ಡ ಕಟ್ಟಿದರು. ಪಂಚೆ ಎತ್ತಿಕಟ್ಟಿ, ಟೀ ಸೋಸುವ ಜರಡಿ ಹಿಡಿದು ನೀರಿಗಿಳಿದರು. ಎಪ್ಪತ್ತು ದಾಟಿದ ಮನುಷ್ಯ! ದಡದಲ್ಲಿ ನಿಂತು ಬೈದೆ, ಬೇಡಿಕೊಂಡೆ. ಕೇಳಿದರೆ ತಾನೇ? ಕಡೆಗೆ ನಾನೂ ಇಳಿದೆ. ಒಂದೊಂದೇ ಎಲೆ ಹೆಕ್ಕುವಷ್ಟರಲ್ಲಿ ಸಂಜೆಯಾಯಿತು.

ಮನೆಗೆ ಬಂದ ನನ್ನ ಗಂಡ, ನಡುಗುತ್ತಾ ಕೂತಿದ್ದ ಅಣ್ಣನನ್ನು ನೋಡಿ ಸಿಡಿದರು. "ಇದೆಂಥ ಹುಚ್ಚಾಟ ಅಣ್ಣ? ಹಳ್ಳಕ್ಕೆ ಹೇಗೆ ಬಿತ್ತು ಅದು?"

ನಾನು ಬಾಯಿ ತೆರೆದೆ.

"ನನ್ನ ಕೈ ಜಾರ್ತು ಮಾರಾಯ," ಎಂದರು ಭಾವ. "ಪಾಪ, ಅವಳು ಮಧ್ಯಾಹ್ನದಿಂದ ನಂಜೊತೆ ಹೆಕ್ಕಿದಾಳೆ. ಅವಳ ಕಾಲು ನೋಡು, ಇಂಬಳ ಕಚ್ಚಿ ರಕ್ತ ಸುರೀತಿದೆ. ಮೊದ್ಲು ಸ್ವಲ್ಪ ಸುಣ್ಣ ತಗೊಂಬಾ."