ಕರ್ನಲ್ಲಿನ ಕಾವಲುಗಾರ ನಿದ್ದೆ ಹೋದದ್ದು

ಪರದೆಯ ಮೇಲಿನ ಹಸಿರು ಗೆರೆ ಬೆಳಿಗ್ಗೆ ಬೆಳಿಗ್ಗೆಯೇ ಅಂಗಾತ ಮಲಗಿಬಿಟ್ಟಿತು. ಹಂಗಾಮಿ ಇನ್ನೂ ಚೀಲವನ್ನು ಹೆಗಲಿಂದ ಇಳಿಸಿರಲಿಲ್ಲ.

ಹಂಗಾಮಿ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಚೇರಿಯವರ ಕೊಡುಗೆ. ಹಂಗಾಮಿ ನೌಕರನಾಗಿ ಬಂದಿದ್ದ, ಹಾಗೇ ಉಳಿದಿದ್ದ. ಅವನ ನಂತರ ಬಂದವರೆಲ್ಲ ಕಾಯಂ ಆಗಿ ಅವನಿಗೇ ಬುದ್ಧಿ ಹೇಳುತ್ತಿದ್ದರು. ಅದನ್ನೂ ಸಹಿಸಬಹುದಿತ್ತು, ಆದರೆ ಮನೆಯಲ್ಲಿ ಮಾವ ಇದ್ದರು. "ಅಳಿಯಂದ್ರೇ, ಈ ಸಲನೂ ಕಾಯಂ ಆಗ್ಲಿಲ್ಲ ಅಂದ್ರೆ ನಾಳೆಯಿಂದ ನನ್ನ ಅಂಗಡೀಲಿ ಕೂತ್ಕೊಂಡ್ಬಿಡಿ" ಎಂದು ಊಟದ ನಡುವೆಯೇ ತೀರ್ಪು ಕೊಟ್ಟಿದ್ದರು. ಮಾವನದು ನಟ್ಟು ಬೋಲ್ಟಿನ ಅಂಗಡಿ. ದಿನವಿಡೀ ಅವರ ಕಣ್ಣೆದುರು ಕೂತು ನಟ್ಟು ಆರಿಸುವುದನ್ನು ನೆನೆದರೇ ಹಂಗಾಮಿ ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದ.

ಅವನ ಕಂಪನಿ ಆಪರೇಟಿಂಗ್ ಸಿಸ್ಟಮ್ ತಯಾರಿಸುತ್ತಿತ್ತು. ಅದರ ಹೊಟ್ಟೆಯೊಳಗೆ ಕೂತು ಎಲ್ಲವನ್ನೂ ನಡೆಸುವ ಕರ್ನಲ್ಲಿನಲ್ಲಿ ಒಬ್ಬ ಕಾವಲುಗಾರನಿದ್ದ. ಅವನೂ ಒಂದು ಪ್ರೋಗ್ರಾಮೇ ಅನ್ನಿ. ಟೈಮರ್ ಬಡಿದಾಗಲೆಲ್ಲ ಎದ್ದು, ಯಂತ್ರವನ್ನು ಯಾರು ಎಷ್ಟು ದುಡಿಸುತ್ತಿದ್ದಾರೆಂದು ಇಣುಕಿ ನೋಡಿ, ಪರದೆಯ ಮೇಲೆ ಗೆರೆ ಎಳೆಯುವುದು ಅವನ ಕೆಲಸ. ಇಣುಕುವುದೇ ಅತಿಯಾಗಿ ಯಂತ್ರಕ್ಕೆ ಭಾರವಾದರೆ ಕರ್ನಲ್ಲು "ಸ್ವಲ್ಪ ಸುಮ್ಮನಿರಪ್ಪಾ" ಎಂದು ಅವನನ್ನು ತಡೆದು, ಮರುಕ್ಷಣ ಬಿಟ್ಟುಬಿಡಬೇಕು. ಬಿಡುತ್ತಲೂ ಇತ್ತು. ಆದರೆ ತಡೆಯುವಾಗ ಟೈಮರು ಅರೆಬರೆ ನಿಲ್ಲುತ್ತಿತ್ತು. ಅದು ಓಡುತ್ತಲೇ ಇದೆ ಎಂದುಕೊಂಡು ಕರ್ನಲ್ಲು ಮತ್ತೆ ಚಾಲೂ ಮಾಡುತ್ತಿರಲಿಲ್ಲ. ಹೀಗಾಗಿ ಯಂತ್ರಕ್ಕೆ ಮೈತುಂಬ ಕೆಲಸ ಬಿದ್ದ ಹೊತ್ತಿಗೇ ಕಾವಲುಗಾರ ಗೊರಕೆ ಹೊಡೆಯುತ್ತಿದ್ದ, ಗೆರೆಯೂ ಮಲಗಿಬಿಡುತ್ತಿತ್ತು.

ದೊಡ್ಡವರು, ಅಂದರೆ ಕಚೇರಿಯ ಯಜಮಾನರು, ಅವನ ಬೆನ್ನ ಹಿಂದೆ ಬಂದು ನಿಂತರು. "ಏನ್ರೀ ಹಂಗಾಮಿ, ಸಂಜೆ ಗಿರಾಕಿಗಳು ಬರ್ತಾರೆ. ಅಷ್ಟರೊಳಗೆ ಈ ತಪ್ಪು ಹೋಗಿರ್ಬೇಕು. ಹೋಗಿದ್ರೆ ನಿಮ್ಮ ಕಾಯಂ ಆದೇಶಕ್ಕೆ ಇವತ್ತೇ ಸಹಿ. ಇಲ್ಲಾ ಅಂದ್ರೆ ನನ್ನ ಕೇಳ್ಬೇಡಿ."

ಹಂಗಾಮಿ ಚೀಲವನ್ನು ಮೇಜಿನ ಕೆಳಗೆ ತಳ್ಳಿದ. ಕೆಲಸಕ್ಕೆ ಕೂತನೋ ಇಲ್ಲವೋ, ಪಕ್ಕದ ಮೇಜಿನ ಸಲಹೆಗಾರ ಕುರ್ಚಿ ಎಳೆದುಕೊಂಡು ಹತ್ತಿರ ಬಂದ. ಕೇಳದಿದ್ದರೂ ಸಲಹೆ ಕೊಡುವುದು ಅವನ ಹುಟ್ಟುಗುಣ.

"ಇಷ್ಟೇನಾ? ಟೈಮರನ್ನ ಅರೆಬರೆ ಯಾಕೆ ನಿಲ್ಲಿಸ್ತೀಯ? ಅದು ಪೂರ್ತಿ ನಿಲ್ಲೋ ತನಕ ಕಾಯಿ, ಆಮೇಲೆ ಮುಂದಕ್ಕೆ ಹೋಗು. ಒಂದೇ ಸಾಲು ಕಣಯ್ಯಾ."

ಹೇಳಿದ್ದು ಸರಿಯೆನಿಸಿತು. ಹಂಗಾಮಿ ಆ ಸಾಲು ಬರೆದು, ಪರೀಕ್ಷೆ ಮಾಡುವ ಅಕ್ಕನಿಗೆ ಕಳಿಸಿದ. ಸ್ವಲ್ಪ ಹೊತ್ತಿಗೆ ಕಚೇರಿಯೆಲ್ಲ ವಿಚಿತ್ರ ಮೌನ. ಒಬ್ಬರ ಪರದೆಯೂ ಅಲುಗಾಡುತ್ತಿಲ್ಲ.

"ಅಕ್ಕಾ, ಯಾವ ಯಂತ್ರಕ್ಕೆ ಹಾಕಿದ್ರಿ?"

"ಪರೀಕ್ಷೆ ಯಂತ್ರ ತೆವಳ್ತಾ ಇತ್ತಪ್ಪಾ. ನಿನಗೆ ಬೇಗ ಆಗ್ಲಿ ಅಂತ ಎಲ್ಲರ ಕೆಲಸ ಓಡೋ ದೊಡ್ಡ ಯಂತ್ರಕ್ಕೇ ಹಾಕ್ದೆ" ಎಂದಳು ಅಕ್ಕ, ಉಪಕಾರ ಮಾಡಿದ ಮುಖದಲ್ಲಿ.

ಲೆಕ್ಕದವರು ಸಂಬಳದ ಪಟ್ಟಿ ಮಾಯವಾಯಿತೆಂದು ಓಡಿ ಬಂದರು. ಬಾಗಿಲಲ್ಲಿ ಕೂರುವಾಕೆ ಒಳಗೆ ಬಂದವರಾರು, ಹೋದವರಾರು ಗೊತ್ತಾಗುತ್ತಿಲ್ಲವೆಂದು ಅಳುಮೋರೆ ಹಾಕಿದಳು. ಎಲ್ಲರೂ ಅವನ ಮೇಜನ್ನು ಮುತ್ತಿಕೊಂಡರು. ಒಬ್ಬರು ತಂತಿ ಕೀಳು ಎಂದರು, ಇನ್ನೊಬ್ಬರು ಕೀಳಬೇಡ ಎಂದರು. ನಡುವೆ ಮನೆಯಾಕೆಯ ಫೋನು. "ರೀ, ಅಪ್ಪ ಆಗ್ಲೇ ಅಂಗಡೀಲಿ ನಿಮಗೊಂದು ಸ್ಟೂಲ್ ಹಾಕ್ಸಿದಾರಂತೆ. ಏನಾಯ್ತು ನಿಮ್ಮದು?"

"ಆಗ್ತಾ ಇದೆ ಮಾರಾಯ್ತಿ" ಎಂದು ಫೋನಿಟ್ಟ.

ಸಲಹೆಗಾರ ಮಾತ್ರ ಅವನ ಹೆಗಲಿಗೆ ಅಂಟಿಕೊಂಡೇ ನಿಂತಿದ್ದ.

"ಅಣ್ಣಾ, ನೀನು ಆ ಕಡೆ ಹೋದ್ರೆ ನನ್ನ ಕೆಲಸ ಮುಗಿಯುತ್ತೆ."

"ನಿನ್ನ ಕೆಲಸ ಮುಗೀಲಿ, ಆಮೇಲೆ ಹೋಗ್ತೀನಿ."

ಹಂಗಾಮಿ ಬೆಚ್ಚಿಬಿದ್ದು ಅವನ ಮುಖವನ್ನೇ ನೋಡಿದ. ಅಲ್ಲೇ ಇತ್ತು ರೋಗ! ಟೈಮರು ನಿಲ್ಲಲಿ ಎಂದು ಕಾಯುವ ಸಾಲನ್ನು ಹಂಗಾಮಿ ಬರೆದದ್ದು ಟೈಮರಿನ ಕೆಲಸದ ಒಳಗೇ. ಅದು ತಾನು ಮುಗಿಯಲಿ ಎಂದು ತಾನೇ ಕಾಯುತ್ತ ಕೂತಿತ್ತು, ಪ್ರಳಯವಾದರೂ ಮುಗಿಯುವ ಹಾಗಿರಲಿಲ್ಲ. ಕಾಯುವ ಸಾಲನ್ನು ಕಿತ್ತುಹಾಕಿದ. ಟೈಮರು 'ನಿಂತಿದೆ' ಎಂದು ಒಂದು ಗುರುತು ಮಾತ್ರ ಹಾಕಿ ಹೊರಬರಲಿ, ಕಾವಲುಗಾರನನ್ನು ಬಿಡುವಾಗ ಕರ್ನಲ್ಲು ಆ ಗುರುತು ನೋಡಿ ಟೈಮರನ್ನು ಮತ್ತೆ ಓಡಿಸಲಿ ಎಂದು ತಿದ್ದಿದ. ದೊಡ್ಡ ಯಂತ್ರವನ್ನು ಬಂದ್ ಮಾಡಿ ಮತ್ತೆ ಚಾಲೂ ಮಾಡಿದ್ದಾಯಿತು. ಅಕ್ಕ ಅದರ ಮೇಲೆ ಕೆಲಸದ ಭಾರ ಹೇರಿದಳು. ಗೆರೆ ಮಲಗಲಿಲ್ಲ. ಮತ್ತಷ್ಟು ಹೇರಿದಳು. ಕಾವಲುಗಾರ ಕಣ್ಣು ಮಿಟುಕಿಸಲಿಲ್ಲ. ಹಂಗಾಮಿಗೆ ಅಳುವೇ ಬಂದುಬಿಟ್ಟಿತು, ಸಂತೋಷಕ್ಕೆ.

ಅಷ್ಟರಲ್ಲಿ ಗಿರಾಕಿಗಳು ಬಂದರು. ದೊಡ್ಡವರು ಠೀವಿಯಿಂದ ಪರದೆ ತೋರಿಸಿದರು. ಕೆಲಸ ಶುರುವಾದದ್ದೇ ತಡ, ಗೆರೆ ಸರ್ರನೆ ಮೇಲಕ್ಕೇರಿ ನೆತ್ತಿಯಲ್ಲೇ ನಿಂತಿತು. ಗಿರಾಕಿಗಳ ಮುಖ್ಯಸ್ಥೆ ಕನ್ನಡಕ ಸರಿಮಾಡಿಕೊಂಡರು.

"ಇದೇನ್ ಸಾರ್, ನಿಮ್ಮ ಸಿಸ್ಟಮ್ ಇಷ್ಟೊಂದು ಏದುಸಿರು ಬಿಡ್ತಾ ಇದೆ? ಹೋದ ಸಲ ಎಷ್ಟು ಭಾರ ಹಾಕಿದ್ರೂ ಗೆರೆ ತಣ್ಣಗೆ ಮಲಗಿತ್ತು. ಅದನ್ನ ನೋಡೇ ಅಲ್ವಾ ನಾವು ಒಪ್ಕೊಂಡಿದ್ದು?"

"ಮೇಡಂ, ಆಗ ಅದು ನಿದ್ದೆ..." ಎಂದು ಹಂಗಾಮಿ ಬಾಯಿ ತೆರೆಯುವಷ್ಟರಲ್ಲಿ ದೊಡ್ಡವರು ಅವನ ಕಾಲು ತುಳಿದರು.

"ಹೊಸ ಹುಡುಗರು ಏನೋ ಕೈಯಾಡಿಸಿದಾರೆ ಮೇಡಂ. ಹಂಗಾಮಿ, ಬೆಳಿಗ್ಗೆ ಹೆಂಗಿತ್ತೋ ಹಂಗೇ ಮಾಡಿ. ಈಗ್ಲೇ!"

ಹಂಗಾಮಿ ದಿನವಿಡೀ ಜೀವ ತೇದು ಮಾಡಿದ್ದನ್ನು ತನ್ನ ಕೈಯಾರೆ ಅಳಿಸಿದ. ಭಾರ ಬಿತ್ತು, ಗೆರೆ ಮಲಗಿತು. ಗಿರಾಕಿಗಳು ದೊಡ್ಡವರ ಕೈ ಕುಲುಕಿದರು. ಇನ್ನು ಮುಂದೆ ಇದನ್ನು ಯಾರೂ ಮುಟ್ಟಕೂಡದೆಂದು ದೊಡ್ಡವರು ಅಲ್ಲೇ ಅಪ್ಪಣೆ ಹೊರಡಿಸಿದರು.

ಎಲ್ಲರೂ ಹೋದ ಮೇಲೆ ಹಂಗಾಮಿ ಅವರ ಕೋಣೆಗೆ ಹೋಗಿ ಕೈಕಟ್ಟಿ ನಿಂತ. "ಸಾರ್, ನನ್ನ ಆದೇಶ..."

ದೊಡ್ಡವರು ಪೆನ್ನು ತೆಗೆದು ಸಹಿಗೆ ಬಗ್ಗಿದವರು ತಟ್ಟನೆ ತಡೆದರು. "ತಪ್ಪು ಹೋಗಿದ್ರೆ ಸಹಿ ಅಂದಿದ್ದೆ, ಅಲ್ವಾ? ಹೋಗಿದ್ಯಾ?"

"ಹೋಗಿತ್ತು ಸಾರ್. ನೀವೇ ವಾಪಸ್..."

"ಈಗ ಇದ್ಯೋ ಇಲ್ವೋ, ಅದನ್ನ ಹೇಳಿ."

"ಇದೆ ಸಾರ್."

"ನೋಡಿ ಮತ್ತೆ." ದೊಡ್ಡವರು ನಿಜಕ್ಕೂ ನೊಂದುಕೊಂಡೇ ಪೆನ್ನಿನ ಮುಚ್ಚಳ ಹಾಕಿದರು. "ಅದೂ ನಿಮ್ಮ ಕೈಯಿಂದಲೇ ಬಂದಿರೋ ತಪ್ಪು. ಬೇರೆ ಯಾರಾದ್ರೂ ಆಗಿದ್ರೆ ಕೆಲಸದಿಂದಲೇ ತೆಗೀತಿದ್ರು."

ಹೊರಗೆ ಬರುತ್ತಿದ್ದಂತೆ ಜೇಬಿನಲ್ಲಿ ಫೋನು ಕೂಗಿತು. ಮಾವ.

"ಅಳಿಯಂದ್ರೇ, ಕಾಯಂ ಆಯ್ತಾ?"

"ತಪ್ಪು ಕಾಯಂ ಆಯ್ತು ಮಾವ" ಎಂದ ಹಂಗಾಮಿ. "ನೀವು ಅಂಗಡಿ ಎಷ್ಟೊತ್ತಿಗೆ ತೆಗೀತೀರಿ?"