ಐವತ್ತರ ಮೆದುಳಿಗೆ ಡ್ರೈವಿಂಗ್ ಪಾಠ

ಐವತ್ತು ದಾಟಿದವನು ಇನ್ನು ಬದಲಾಗುವುದಿಲ್ಲ ಎಂಬ ಮಾತಿನಲ್ಲಿ ದೊಡ್ಡ ಸುಖವಿದೆ. ಹೆಂಡತಿ ಕೂಡ ತಿದ್ದುವ ಆಸೆ ಬಿಟ್ಟಿರುತ್ತಾಳೆ. ಸೌದಿಯ ಬುರೈದಾದ ಖರ್ಜೂರ ಕಂಪನಿಯೊಂದರಲ್ಲಿ ಸೇಲ್ಸ್‌ಮನ್ ಆಗಿ ನಾನು ಆ ಸುಖದಲ್ಲೇ ಇದ್ದೆ, ಹಾಯಿಲ್ ರಸ್ತೆಯಲ್ಲಿ ನನ್ನ ವ್ಯಾನಿನ ಟಯರು ಸಿಡಿಯುವ ತನಕ. ವ್ಯಾನು ಗಿರ್ರನೆ ತಿರುಗಿ ಮರಳಿನಲ್ಲಿ ನಿಂತಿತು. ಮೈಗೆ ಒಂದು ಗೀರೂ ಇಲ್ಲ. ಆದರೆ ಮರುದಿನದಿಂದ ಸ್ಟೇರಿಂಗ್ ಮುಟ್ಟಿದರೆ ಸಾಕು, ಕೈ ನಡುಗಿ, ಅಂಗಿ ಒದ್ದೆಯಾಗಿ, ಇಳಿದುಬಿಡುತ್ತಿದ್ದೆ. ಗಾಡಿ ಓಡಿಸದ ಸೇಲ್ಸ್‌ಮನ್ನನ್ನು ವೀಸಾ ಕೊಟ್ಟ ಯಾವ ಧಣಿ, ಯಾವ ಕಫೀಲ್ ಇಟ್ಟುಕೊಳ್ಳುತ್ತಾನೆ? ಮ್ಯಾನೇಜರು ಎರಡು ತಿಂಗಳ ಗಡುವು ಕೊಟ್ಟು, ಅಲ್ಲಿಯತನಕ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸಲು ಕೂರಿಸಿದರು. ಮನೆಗೆ ಹೇಳಲಿಲ್ಲ. ಹೆಂಡತಿ ವಾಟ್ಸಾಪಿನಲ್ಲಿ ಕೇಳಿದಾಗಲೆಲ್ಲ "ಆರಾಮ" ಎಂದೇ ಬರೆದೆ.

ಕೊನೆಗೆ ಊರಿನ ಒಂದು ಕ್ಲಿನಿಕ್ಕಿಗೆ ಹೋದೆ. ಅಲ್ಲಿನ ಮನೋವೈದ್ಯರು ಮೈಸೂರಿನವರು. ನನ್ನ ಗೋಳನ್ನೆಲ್ಲ ಅವಸರವಿಲ್ಲದೆ ಕೇಳಿದರು. "ಈ ಮೆದುಳು ಹಳತು ಸಾರ್, ಬಿಟ್ಟುಬಿಡಿ" ಎಂದೆ. "ಮೆದುಳು ಸಿಮೆಂಟಲ್ಲ ಶೆಟ್ಟರೇ, ಈ ವಯಸ್ಸಲ್ಲೂ ಹೊಸ ದಾರಿ ಮಾಡ್ಕೊಳುತ್ತೆ. ಆದ್ರೆ ದಿನಾ ಅಭ್ಯಾಸ ಬೇಕು. ಹೆದರಿದಾಗ ನಂಬಿಕೆಯವರು ಪಕ್ಕದಲ್ಲಿರ್ಬೇಕು. ನಿಮಗೆ ಯಾರಿದ್ದಾರೆ ಇಲ್ಲಿ?" ಎಂದರು. ತುಂಬ ಯೋಚಿಸಿ, ಬೇರೆ ಗತಿಯಿಲ್ಲದೆ, ನನ್ನ ರೂಮಿನ ಹಮೀದನ ಹೆಸರು ಹೇಳಿದೆ. ಅವನು ಉಪ್ಪಿನಂಗಡಿಯವನು, ಬೇಕರಿಯಲ್ಲಿ ಕೆಲಸ. ಅವನ ಬಾಯಿ ನಿದ್ದೆಯಲ್ಲೂ ನಿಲ್ಲುವುದಿಲ್ಲ.

ದಿನಾ ಸಂಜೆ ಹಮೀದ್ ಬಂದು ನನ್ನ ವ್ಯಾನಿನ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ. ಮೊದಲ ವಾರ ಇಂಜಿನ್ನೇ ಸ್ಟಾರ್ಟ್ ಮಾಡಲಿಲ್ಲ. ಒಂದು ದಿನ ನಾನು ಅತ್ತೇಬಿಟ್ಟೆ. "ಅಳಿ ಶೆಟ್ರೆ, ಅದರಲ್ಲಿ ಎಂತ ನಾಚಿಕೆ? ನಾನೂ ಬಂದ ಹೊಸತರಲ್ಲಿ ಮೈದಾ ಮೂಟೆಯ ಹಿಂದೆ ಕೂತು ಅಳ್ತಿದ್ದೆ ಮಾರಾಯ್ರೆ" ಎಂದ. ಹನ್ನೆರಡು ವರ್ಷ ಒಂದೇ ಕೋಣೆಯಲ್ಲಿದ್ದೂ ನನಗದು ಗೊತ್ತಿರಲಿಲ್ಲ. ಮರುದಿನ ನಮ್ಮ ಬೀದಿಗೊಂದು ಸುತ್ತು ಹಾಕಿದೆವು. ಆಮೇಲೆ ಪೇಟೆ, ಆಮೇಲೆ ಹೆದ್ದಾರಿ. ವಾರವಾರವೂ ಡಾಕ್ಟರಿಗೆ ವರದಿ ಒಪ್ಪಿಸುತ್ತಿದ್ದೆ. ಆರನೇ ವಾರ ಟಯರು ಸಿಡಿದ ಜಾಗ ದಾಟುವಾಗ ಎದೆ ಹೊಡೆದುಕೊಂಡಿತು, ಕೈ ಮಾತ್ರ ನಡುಗಲಿಲ್ಲ. ಹಮೀದ್ ಜೀವನದಲ್ಲಿ ಮೊದಲ ಸಲ ಸುಮ್ಮನೆ ಕುಳಿತಿದ್ದ.

ಆ ಸಂಭ್ರಮದಲ್ಲಿ ಮರುದಿನವೇ ಮ್ಯಾನೇಜರಿಗೆ ಹೇಳಿಬಿಟ್ಟೆ. ಅವರು "ಮಬ್ರೂಕ್!" ಎಂದು ಕೈ ಕುಲುಕಿ, ವಾರಕ್ಕೊಂದಿದ್ದ ಹಾಯಿಲ್ ಪ್ರಯಾಣವನ್ನು ಮೂರಕ್ಕೆ ಏರಿಸಿದರು. ಈಗ ಸದಾ ಸೊಂಟ ನೋವು. ಹೇಳಿದ ದಿನ ಗಡುವಿಗೆ ಇನ್ನೂ ಎರಡು ವಾರವಿತ್ತು. ಬಾಯಿ ಮುಚ್ಚಿಕೊಂಡು ಗೋದಾಮಿನ ಫ್ಯಾನಿನಡಿ ಚೀಟಿ ಅಂಟಿಸುತ್ತ ಕುಳಿತಿರಬಹುದಿತ್ತು. ಮೆದುಳು ಬದಲಾದದ್ದು ನಿಜ. ಬುದ್ಧಿಯ ವಿಷಯದಲ್ಲಿ ಡಾಕ್ಟರು ಯಾವ ಭರವಸೆಯನ್ನೂ ಕೊಟ್ಟಿರಲಿಲ್ಲ.