ನಮ್ಮ ಮಾಮಾನ ಬಾವಿನ ಹುಚ್ಚು

ಯಾರಿಗಾದರೂ ಪೆಟ್ಟಾಗಿ ಬಾವು ಬಂದರೆ ಸಂತೋಷಪಡುವ ಮನುಷ್ಯ ಇಡೀ ಬೆಳಗಾವಿಯಲ್ಲಿ ಒಬ್ಬರೇ, ಅವರು ನಮ್ಮ ಸೋದರಮಾವ! ರಾಕ್ಷಸ ಅಂದುಕೊಳ್ಳಬೇಡಿ, ಕಾಲೇಜಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಕುಂತಲ್ಲಿ ಕೂರದ ಜೀವ. ಊಟದ ನಡುವೆ ಎದ್ದು, ವಡಗಾವಿಯ ತಮ್ಮದೇ ಓಣಿಯ ನೇಕಾರರೊಬ್ಬರ ಉಳುಕಿದ ಕಾಲು ನೋಡಿ ಬಂದು, ಮತ್ತೆ ರೊಟ್ಟಿ ಮುರಿಯುತ್ತಿದ್ದರು.

ಎರಡು ಸಾವಿರದ ಇಸವಿಯ ಆಸುಪಾಸು. ಸ್ಕೂಟರ್ ಕಲಿಯಲು ಹೋಗಿ ಮಹಾಂತೇಶ ನಗರದ ತಿರುವಿನಲ್ಲಿ ಬಿದ್ದೆ. ಮೊಣಕಾಲು ಬದನೆಕಾಯಿಯ ಹಾಗೆ ಊದಿತ್ತು. ಮಾಮಾ ಸುದ್ದಿ ಕೇಳಿ ಓಡಿ ಬಂದವರೇ ಬಾಲ್‌ಪೆನ್ ತೆಗೆದು ಬಾವಿನ ಸುತ್ತ ಗೆರೆ ಎಳೆದರು! ನಾಳೆ ಎಷ್ಟು ಇಳಿದಿದೆ ಎಂದು ನೋಡಬೇಕಂತೆ.

“ಭಾರಿ ಚಂದ ಬಾತೈತಿ ನೋಡಲೇ!”

“ಚರ್ಮಾನೂ ಸುಲಿದಿಲ್ಲ, ಕ್ರಿಮಿ ಹೊಕ್ಕಿಲ್ಲ. ಮತ್ತ ಯಾಕ ಬಾತೈತಿ ಮಾಮಾ?”

“ಜೀವಕೋಶ ಒಡದ್ರ ಒಳಗಿನ ಸಾಮಾನು ಹೊರಗ ಚೆಲ್ಲತೈತಿ. ಅದನ್ನ ಕಂಡ ಕೂಡ್ಲೆ ಬಾಜೂಕಿನ ಕಾವಲು ಕೋಶ ಹೊಯ್ಕೊಂತಾವ, ರಕ್ತದಾಗಿನ ಬಿಳಿಕಣ ಓಡಿ ಬರ್ತಾವ. ಕಳ್ಳನಽ ಬರಬೇಕಂತೇನಿಲ್ಲ. ಮನಿ ಗ್ವಾಡಿ ಬಿದ್ರ ಓಣಿ ಮಂದಿ ಓಡಿ ಬರಂಗಿಲ್ಲೇನು?”

“ಬಂದ ಮಂದಿ ಭಾಳ ಆತು ಮಾಮಾ, ಕಾಲು ಮಡಚಾಕ ಬರವಲ್ದು!”

ಅದಾದ ಮೇಲೆ ಖಾನಾಪುರದಲ್ಲೊಂದು ಮದುವೆ. ಬಾಸಿಂಗ ಕಟ್ಟಿಕೊಂಡ ಮದುಮಗ ಗಿಡ್ಡ ಬಾಗಿಲಿಗೆ ಹಣೆ ಬಡಿಸಿಕೊಂಡ. ಎಲ್ಲರೂ ಅಪಶಕುನವೆಂದು ಗಾಬರಿಯಾದರೆ ಮಾಮಾ ಬಾಸಿಂಗ ಸರಿಸಿ ಬೋರೆಹಣ್ಣಿನಂಥ ಬುಗುಟಿನ ಸುತ್ತ ನೀಲಿ ಗೆರೆ ಎಳೆದರು! ಮದುಮಗನ ಅಜ್ಜಿ ಮರಾಠಿಯಲ್ಲಿ ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಮಾಮಿ ಮಾತ್ರ ವಾಪಸ್ ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಚ್ಚ ಕನ್ನಡದಲ್ಲೇ ಬೈದರು.

ಮನೆ ಮುಟ್ಟಿ ಮಾಮಿ ಚಪ್ಪಲಿ ಬಿಟ್ಟರು. ಪಡಸಾಲೆಯಲ್ಲಿ ನಡೆದಷ್ಟೂ ರಕ್ತದ ಹೆಜ್ಜೆ! ಚಪ್ಪಲಿಯೊಳಗೆ ಮೊಳೆ ಎದ್ದು ಅಂಗಾಲಿಗೆ ಹೊಕ್ಕಿತ್ತು. ಎಷ್ಟು ದಿನದಿಂದಲೋ!

“ನೋವಾಗಲಿಲ್ಲೇನು?” ಮಾಮಾ ಕೇಳಿದರು.

“ಇಲ್ರೀ, ಏನೂ ಗೊತ್ತಽ ಆಗಲಿಲ್ಲ.”

ಮಾಮಿಗೆ ಬಹಳ ವರ್ಷದ ಸಕ್ಕರೆ ಕಾಯಿಲೆ. ನರಗಳು ಸುಮ್ಮನಾಗಿದ್ದವು, ಓಡಿ ಬರಬೇಕಾದ ಬಿಳಿಕಣಗಳೂ ಸೋಮಾರಿಯಾಗಿದ್ದವು. ಗಾಯದ ಸುತ್ತ ಬಾವಿಲ್ಲ, ಕೆಂಪಿಲ್ಲ, ಬಿಸಿಯಿಲ್ಲ. ಬಾವಿಲ್ಲದ ಆ ಕಾಲನ್ನು ಕಂಡು ಮಾಮಾ ಹೆದರಿದಷ್ಟು ಯಾರೂ ಹೆದರಿದ್ದನ್ನು ನಾನು ನೋಡಿಲ್ಲ. ಕೂಡಲೇ ಮಾಮಾ ಹಿಂದಿನ ಸೀಟಿನಲ್ಲಿ ಮಾಮಿಯನ್ನು ಕೂರಿಸಿಕೊಂಡು ದವಾಖಾನೆಗೆ ಸ್ಕೂಟರ್ ಓಡಿಸಿದರು. ಕಾಲು ಉಳಿಯುವುದೋ ಇಲ್ಲವೋ ಎಂದು ತಿಂಗಳುಗಟ್ಟಲೆ ಒದ್ದಾಡಿದೆವು. ಕಡೆಗೂ ಉಳಿಯಿತು.

ಅಂದಿನಿಂದ ದಿನಾ ಬೆಳಿಗ್ಗೆ ಮಾಮಾ ನೆಲದ ಮೇಲೆ ಕುಳಿತು, ಮಾಮಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳ ಸಂದುಗಳನ್ನೂ ಬಿಡದೆ ನೋಡುತ್ತಿದ್ದರು. ಮಾಮಿ ನಾಚಿ ಕಾಲು ಎಳೆದುಕೊಳ್ಳುತ್ತಿದ್ದರು.

“ಬಿಡ್ರೀ! ಗಂಡ ಕಾಲು ಮುಟ್ಟಿದ್ರ ಪಾಪ ಹತ್ತತೈತಿ.”

“ಪಾಪ ನನಗಿರ್ಲಿ,” ಎನ್ನುತ್ತಿದ್ದರು ಮಾಮಾ, ಪಾದ ಬಿಡದೆ. “ಕಾಲು ನಿನಗಿರ್ಲಿ.”